ಕಾಟಿಗೆ ಯಾವ ಗುಂಡು

ಗಾಯ ಮಾಡಿದವನೇ ಮೃಗದ ಹಿಂದೆ ಪೊದೆಗೆ ನುಗ್ಗಬೇಕೆಂಬುದು ಆ ಸೀಮೆಯ ಶಿಕಾರಿಯ ಕಟ್ಟಳೆ.

ಕಾಟಿಯ, ಅಂದರೆ ಕಾಡುಕೋಣದ, ಬೇಟೆಗೆಂದು ಧಣಿಗಳು ರೈಫಲ್ಲಿನ ತೋಟಾ ಆರಿಸುತ್ತಿದ್ದರು. ಜಾಡು ಹಿಡಿಯುವ ಬಿರ್ಮ ಮೆಲ್ಲಗೆ ಹೇಳಿದ: "ಸೀಸದ ಮೂತಿಯ ಗುಂಡು ಹಂದಿಗಾಯ್ತು ಧಣೀ. ಕಾಟಿ ಹೆಗಲಿಗೆ ಹೊಡೆದ್ರೆ ತೊಗಲಲ್ಲೇ ಅರಳಿ ನಿಂತ್ಬಿಡ್ತದೆ. ತಾಮ್ರ ಹೊದಿಸಿದ್ದು ಹಾಕಿ, ಅದು ಒಳಕ್ಕೆ ಇಳೀತದೆ."

"ಕೋವಿ ಮುಟ್ಟಿ ಗೊತ್ತೇನೋ ನಿನಗೆ? ಸಗಣಿ ಮೂಸಿ ಜಾಡು ಹೇಳೋನು ನನಗೆ ಗುಂಡಿನ ಪಾಠ ಹೇಳ್ತಾನೆ!" ಧಣಿಗಳು ಸೀಸದ್ದನ್ನೇ ತುಂಬಿದರು.

ಗುಂಡು ಹೆಗಲಿಗೇ ತಗುಲಿತು. ಕಾಟಿ ಬೀಳಲಿಲ್ಲ, ನೆತ್ತರು ಚೆಲ್ಲುತ್ತ ಲಂಟಾನದ ಪೊದೆ ಹೊಕ್ಕು ಬುಸುಗುಡುತ್ತ ನಿಂತಿತು.

"ಬಿರ್ಮಾ, ನೀನು ಮುಂದೆ ನಡಿಯೋ," ಎಂದು ಧಣಿಗಳು ಹಿಂದೆ ಸರಿದರು.

ಬಿರ್ಮ ಆಗಲೇ ಮತ್ತಿಮರದ ಕವಲಿನಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚುತ್ತಿದ್ದ. "ಇಲ್ಲಿ ಸಗಣಿ ಇಲ್ವಲ್ಲ ಧಣೀ, ಬರೀ ಗುಂಡಿನ ಗಾಯ. ಅದು ತಮಗೇ ಗೊತ್ತಿರೋ ವಿಷ್ಯ, ತಾವೇ ನುಗ್ಗಿ."