ಮಾಯವಾದ ಕಮಾನು

ಸದನದಲ್ಲಿ ಸರ್ಕಾರಕ್ಕೂ ಶಾಸಕರಿಗೂ ಜಗಳವಾಗಿ ಕಲಾಪ ನಿಂತಿತೆಂದರೆ, ಆ ನಾಡಿನ ಸೇತುವೆಗಳಿಂದ ಒಂದೊಂದು ಕಮಾನು ಮಾಯವಾಗುತ್ತಿತ್ತು. ಜನ ಸುಮ್ಮನೆ ದೋಣಿ ಹತ್ತುತ್ತಿದ್ದರು.

ನಿನ್ನೆ ಮಂತ್ರಿಯ ಮೇಲೆ ಕೂಗಾಡಿ ಸಭಾತ್ಯಾಗ ಮಾಡಿ ಕಲಾಪ ನಿಲ್ಲಿಸಿ, ಆಮೇಲೆ ಅದೇ ಮಂತ್ರಿಯ ಜೊತೆ ಕ್ಯಾಂಟೀನಿನಲ್ಲಿ ನಗುನಗುತ್ತ ಚಹಾ ಕುಡಿದಿದ್ದ ಶಾಸಕಿ ಶಾಂಭವಿ, ದೋಣಿಯಿಂದ ಏಣಿ ಹತ್ತಿ ತನ್ನೂರಿನ ಸೇತುವೆಗೆ ಬಂದಾಗ ಕೊರಳಿಗೆ ಹಾರ ಬಿತ್ತು.

“ಮಂತ್ರಿ ನೀರಿಳಿಸಿದ್ರಿ ನೋಡ್ರಿ, ಅಕ್ಕಾರ! ಟಿವ್ಯಾಗ ನೋಡಿ ಊರಿಗೂರ ಕುಣೀತು,” ಎಂದ ಪಂಚಾಯ್ತಿಯ ಬಸಲಿಂಗಪ್ಪ.

ಅವನ ಬೆನ್ನ ಹಿಂದೆ, ನಿನ್ನೆ ಕಮಾನು ಮಾಯವಾದ ಜಾಗದಲ್ಲಿ, ಹೆರಿಗೆನೋವಿನ ಹೆಣ್ಣುಮಗಳೊಬ್ಬಳನ್ನು ಬುಟ್ಟಿಯಲ್ಲಿ ಕೂರಿಸಿ ಹಗ್ಗದಿಂದ ದೋಣಿಗೆ ಇಳಿಸುತ್ತಿದ್ದರು. ಶಾಂಭವಿ ಓಡಿಹೋಗಿ ಹಗ್ಗಕ್ಕೆ ಕೈಹಾಕಿದಳು.

ಅವಳ ಗುರುತು ಹಿಡಿದ ಬಸುರಿ ನೋವಿನಲ್ಲೂ ನಕ್ಕಳು. “ಹೆಣ್ಣಾದ್ರ ನಿಮ್ಮ ಹೆಸರ ಇಡ್ತೀನ್ರಿ.”

ಶಾಂಭವಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಎರಡೂ ಕೈಯಲ್ಲಿ ಹಗ್ಗವಿತ್ತು.