ಇಳಿಸಬಹುದು, ಹತ್ತಿಸುವಂತಿಲ್ಲ

ದುಂಡವ್ವ ಹಾಲಿನ ಕ್ಯಾನನ್ನು ಆಚೆ ದಂಡೆಯಿಂದ ಬಂದ ದೋಣಿಯೊಳಗೆ ಇಟ್ಟಿದ್ದಳಷ್ಟೆ, ದಂಡೆಯ ಮೇಲಿನಿಂದ ಮಂಡಲ ಪಂಚಾಯತಿ ಪ್ರಧಾನ ಕಾಕಾಸಾಹೇಬರ ದನಿ ಬಂತು.

"ಏ ದುಂಡವ್ವಾ! ಯಾರನ್ನ ಕೇಳಿ ಹತ್ತಿಸಿದಿ? ಇಳಸ ಅದನ್ನ!"

"ಯಪ್ಪಾ, ನಿನ್ನೀ ಹಾಲೂ ಹಿಂಗಽ ಒಡದು ಹೋತ್ರಿ. ಇವತ್ತೂ ತರಲಿಲ್ಲಂದ್ರ ನಾಳಿಂದ ಬರಾಕ ಹೋಗಬ್ಯಾಡ ಅಂದಾರ್ರಿ ಆಚಿ ದಂಡಿ ಡೇರಿಯವ್ರು. ಆ ಎಮ್ಮಿ ಮ್ಯಾಲ ನಮ್ಮ ಮನಿ ನಡದೈತ್ರಿ."

"ನಿನ್ನ ಮನಿ ನಡೀಲಿ, ಬ್ಯಾಡಂದವ್ರು ಯಾರು? ಊರ ಮಾನ ಹೋಗಬಾರ್ದು."

ಊರ ಮಾನವೆಂದರೆ ಇಷ್ಟು: ಕೃಷ್ಣೆಯ ಆಚೆ ದಂಡೆಯ ದೋಣಿ ಇಲ್ಲಿಗೆ ಬಂದು ಜನರನ್ನು, ಸಾಮಾನನ್ನು ಇಳಿಸಬಹುದು. ಇಲ್ಲಿಂದ ಏನನ್ನೂ ಹತ್ತಿಸಿಕೊಳ್ಳುವಂತಿಲ್ಲ, ಬರಿದಾಗಿಯೇ ಮರಳಬೇಕು. ಈ ಊರಿನವರು ಹೊಳೆ ದಾಟುವುದಾದರೆ ಈ ಊರಿನ ದೋಣಿಯಲ್ಲೇ ದಾಟಬೇಕು. ಕಾಯ್ದೆ ಮಾಡಿದವರು ಕಾಕಾಸಾಹೇಬರು, ಚಪ್ಪಾಳೆ ತಟ್ಟಿದವರು ಉಳಿದವರು. ಊರಿನ ದೋಣಿಯೋ, ತಳ ತೂತಾಗಿ ಬೇವಿನ ಮರದ ಕೆಳಗೆ ಬೋರಲು ಬಿದ್ದಿತ್ತು. ಅದಕ್ಕೊಂದಿಷ್ಟು ಡಾಂಬರು ಬಳಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ನಾರುವ ಗಟಾರಗಳ ಬಗ್ಗೆ ಎಂದೂ ನಾಚಿಕೆಪಡದ ಕಾಕಾಸಾಹೇಬರಿಗೆ ಈ ದೋಣಿಯ ಬಗ್ಗೆ ಮಾತ್ರ ಭಾರೀ ಅಭಿಮಾನ. ಹಾಗಂತ ಅವರೇನೂ ಅದರ ಹತ್ತಿರ ಹೋಗಿ ನೋಡಿದವರಲ್ಲ.

ಇವತ್ತು ಅವರು ಹೊಳೆಯವರೆಗೆ ನಡೆದು ಬಂದದ್ದೂ ದೋಣಿ ನೋಡಲಿಕ್ಕಲ್ಲ. ಮಗಳು ಸುಗಂಧಾಳನ್ನು ನೋಡಲು ಶೇಡಬಾಳದಿಂದ ಬಂದಿದ್ದ ನೇಮಿನಾಥರನ್ನೂ ಅವರ ಹೆಂಡತಿ, ಮಗನನ್ನೂ ಕಳಿಸಿಕೊಡಲಿಕ್ಕೆ. ದ್ರಾಕ್ಷಿ ತೋಟದ ದೊಡ್ಡ ಮನೆ. ಈ ಸಂಬಂಧ ಕೈತಪ್ಪಬಾರದೆಂದು ಕಾಕಾಸಾಹೇಬರು ಮಧ್ಯಾಹ್ನದಿಂದ ಹಲ್ಲು ಕಿರಿದು ಕಿರಿದು ದವಡೆ ನೋಯಿಸಿಕೊಂಡಿದ್ದರು. ಮಾತು ಪಕ್ಕಾ ಆಗುವ ಮೊದಲೇ ಬಾಯಿ ತುಂಬ "ಬೀಗರ, ಬೀಗರ" ಎನ್ನುತ್ತಿದ್ದರು. ಬೀಗರು ಮಾತ್ರ ಪದ್ಧತಿಯಂತೆ ಉಪ್ಪಿಟ್ಟು, ಚಹಾ ಮುಗಿಸಿ ಎದ್ದಿದ್ದರು. ಮಾತು ಪಕ್ಕಾ ಆಗದೆ ಹೆಣ್ಣಿನ ಮನೆಯಲ್ಲಿ ಊಟವಿಲ್ಲ, ಹೊತ್ತು ಮುಳುಗಿದ ಮೇಲೆ ಜೈನರು ಎಲ್ಲಿಯೂ ಉಣ್ಣುವುದಿಲ್ಲ. ಬೆಳಕಿರುವಾಗಲೇ ಮನೆ ಮುಟ್ಟಬೇಕೆಂಬ ಅವಸರ ಅವರಿಗೆ.

ದುಂಡವ್ವ ಕ್ಯಾನನ್ನು ಇಳಿಸಿಕೊಂಡಳು. ನೇಮಿನಾಥರು ಕಾಲೆತ್ತಿ ಇಡಬೇಕೆನ್ನುವಷ್ಟರಲ್ಲಿ ಆಚೆ ದಂಡೆಯ ಅಂಬಿಗ ಮಲಕಾರಿ ಹುಟ್ಟು ಅಡ್ಡ ಹಿಡಿದ.

"ತಪ್ಪ ತಿಳೀಬ್ಯಾಡ್ರಿ ಸಾವಕಾರ್ರ. ಬರುವಾಗ ನಿಮ್ಮನ್ನ ಇಳಸೇನಿ, ಈಗ ಹತ್ತಿಸ್ಕೊಳ್ಳೂಹಂಗಿಲ್ರಿ. ಹಿಂದಕೊಮ್ಮಿ ಒಬ್ಬಾಂವನ್ನ ಹತ್ತಿಸ್ಕೊಂಡಿದ್ದಕ್ಕ ಪ್ರಧಾನ್ರು ನನ್ನ ದೋಣಿ ಹಗ್ಗಾನಽ ಕಸಗೊಂಡ್ರು."

"ಮತ್ತ ನಾವು ಹೋಗೂದು ಹ್ಯಾಂಗೋ ತಮ್ಮಾ?"

"ಅಂಕಲಿ ಸೇತುವಿ ಸುತ್ತ ಹಾಕಿ ಹೋಗಬೇಕ್ರಿ."

"ಅಷ್ಟೊತ್ತಿಗೆ ಕತ್ತಲಾಕ್ಕೈತಲ್ಲ. ಎಲ್ಲಾರೂ ಉಪಾಸ ಮಲಗೂದೇನ?"

ಕಾಕಾಸಾಹೇಬರ ಮುಖ ಸುಣ್ಣ ಬಳಿದಂತಾಯಿತು. ತಕ್ಷಣ ಕೈ ಮೇಲೆತ್ತಿದರು. "ಇಲ್ಲ, ಇಲ್ಲ! ಇವತ್ತ ನಮ್ಮ ದಂಡಿಗೆ ಕಾಯ್ದೇದಿಂದ ಸೂಟಿ! ಪ್ರಧಾನ ಅಂತ ನಾನಽ ಹೇಳಾಕತ್ತೇನಿ. ಹತ್ರಿ ಬೀಗರ, ಹತ್ರಿ."

ಸಭೆಯಿಲ್ಲ, ಠರಾವಿಲ್ಲ. ಕಾಯ್ದೆ ಕರ್ಪೂರದಂತೆ ಹಾರಿಹೋಯಿತು. ಬೀಗರು ಹತ್ತಿ ಕುಳಿತರು. ಪಾಪ, ದುಂಡವ್ವನೂ ಆ ಮಾತನ್ನು ನಂಬಿ ಮತ್ತೆ ಕ್ಯಾನನ್ನು ಎತ್ತಿದಳು.

"ನಿನಗಲ್ಲಬೇ! ಸೂಟಿ ಬೀಗರಿಗೆ."

"ದಂಡಿಗೆ ಅಂದ್ರೆಲ್ಲರಿ ಯಪ್ಪಾ?"

"ದಂಡಿಗೇ. ಆದ್ರ ದಂಡಿ ಮ್ಯಾಲ ನಿಂತವ್ರು ಯಾರು ಅನ್ನೂದನ್ನೂ ನೋಡಬೇಕಲ್ಲ?" ಎಂದು ಕಾಕಾಸಾಹೇಬರು ತಮ್ಮ ಜಾಣತನಕ್ಕೆ ತಾವೇ ನಕ್ಕು ಬೀಗರ ಕಡೆ ನೋಡಿದರು. ಬೀಗರಲ್ಲಿ ಒಬ್ಬರೂ ನಗಲಿಲ್ಲ.

ದುಂಡವ್ವ ಮುಚ್ಚಳ ತೆಗೆದು ಹಾಲಿನ ವಾಸನೆ ನೋಡಿದಳು. ಇನ್ನೂ ಕೆಟ್ಟಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಸಂಕಟವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಮುಚ್ಚಳ ಹಾಕಿದಳು.

ನೇಮಿನಾಥರು ದೋಣಿಯಿಂದಲೇ ಬಾಗಿ ಕ್ಯಾನಿಗೆ ಕೈ ಹಾಕಿದರು. ಎತ್ತಿ ತಮ್ಮ ಕಾಲ ಹತ್ತಿರ ಇಟ್ಟುಕೊಂಡರು.

"ಇದು ಬೀಗರ ಸಾಮಾನ್ರಿ. ಬಾ ತಂಗಿ, ನೀನೂ ಹತ್ತು."

ದುಂಡವ್ವ ಪ್ರಧಾನರ ಮುಖವನ್ನೂ ನೋಡದೆ ಹತ್ತಿಬಿಟ್ಟಳು. ಕಾಕಾಸಾಹೇಬರು ಬಾಯಿ ತೆರೆದರು, ಸೂಟಿ ಬೀಗರಿಗೆ ಎಂದವರು ತಾವೇ ಆಗಿದ್ದರಿಂದ ಮುಚ್ಚಿಕೊಂಡರು.

"ಒಂದ ಮಾತು ಕೇಳ್ತೀನ್ರಿ" ಎಂದರು ನೇಮಿನಾಥರು. "ಸುಗಂಧಾ ನಮಗ ಪಸಂದ ಅದಾಳ. ಆದ್ರ ನಿಮ್ಮ ದಂಡಿಯಿಂದ ಏನೂ ಹತ್ತಿಸ್ಕೊಳ್ಳೂಹಂಗಿಲ್ಲ. ಲಗ್ನ ಆದ ಮ್ಯಾಲ ಹುಡಿಗೀನ ಯಾವ ದೋಣ್ಯಾಗ ಕಳಸ್ತೀರಿ?"

ಇನ್ನೊಂದು ಸೂಟಿ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೀಗರ ಮುಂದೆ ಕಾಕಾಸಾಹೇಬರ ಎದೆ ಉಬ್ಬಿತ್ತು.

"ಮಂದಿ ಊರ ದೋಣಿ ಯಾಕ್ ಬೇಕ್ರಿ? ನಮ್ಮ ಊರ ದೋಣ್ಯಾಗಽ ಕಳಸ್ತೀನಿ! ವಾಜಂತ್ರಿ ಬಾರಿಸಿ ಕಳಸ್ತೀನಿ!"

"ಹಂಗಾದ್ರ ಅದು ನೀರಿಗೆ ಇಳದ ದಿನ ಹೇಳಿ ಕಳಸ್ರಿ. ಅವತ್ತಽ ಮಾತು ಪಕ್ಕಾ ಮಾಡೂಣು."

ಮಲಕಾರಿ ಹುಟ್ಟು ಹಾಕಿದ. ಬೀಗರು, ದುಂಡವ್ವ, ಅವಳ ಹಾಲು ಎಲ್ಲ ಒಟ್ಟಿಗೆ ಆಚೆ ದಂಡೆಯ ಕಡೆ ಸಾಗಿದವು.

ಕಾಕಾಸಾಹೇಬರು ಮೊದಲ ಸಲ ಬೇವಿನ ಮರದ ಹತ್ತಿರ ಹೋಗಿ ಊರ ದೋಣಿಯನ್ನು ನೋಡಿದರು. ಅದರ ತೂತಿನೊಳಗಿಂದ ಒಂದು ಕೋಳಿ ಹೊರಗೆ ಬಂತು, ಹಿಂದೆಯೇ ಮರಿಗಳೂ ಬಂದವು. ಅವರು "ಹುಶ್" ಎಂದು ಕೈ ಬೀಸಿದರು. ಕೋಳಿ ಅವರನ್ನೊಮ್ಮೆ ನೋಡಿ, ಮರಿಗಳನ್ನು ಕರೆದುಕೊಂಡು ಮತ್ತೆ ದೋಣಿಯೊಳಗೇ ಹೊಕ್ಕಿತು.