ಪೂರ್ತಿ ಅಂಗಿ

ಹೊಸ ಬಟ್ಟೆಯ ಗಂಜಿ ವಾಸನೆ ಬಂದರೆ ಈಗಲೂ ಬಾಬುರಾಯನಕೊಪ್ಪಲಿನ ಆ ಮಧ್ಯಾಹ್ನ ಕಣ್ಣಮುಂದೆ ನಿಲ್ಲುತ್ತದೆ.

ಗಾರ್ಮೆಂಟ್ಸಿಗೆ ಹೋಗಿದ್ದ ಅವ್ವ ಊಟದ ಹೊತ್ತಿಗೇ ವಾಪಸಾದಳು. ದಾರ ಕತ್ತರಿಸುವ ಪುಟ್ಟ ಕತ್ತರಿ ಕೊರಳಲ್ಲಿ ಹಾಗೇ ನೇತಾಡುತ್ತಿತ್ತು.

“ನಮ್ಮ ಹೊಲಿಗೆ ಲೈನ್ನೋರ್ನೆಲ್ಲ ಕೆಲ್ಸದಿಂದ ತೆಗೆದ್ಬುಟ್ರು ಕಣತ್ತೆ.”

“ಓಗ್ಲಿ ಬುಡಮ್ಮಿ, ಕೈಲಿ ಕಸುಬೈತೆ. ಮನೇಲೇ ಅಂಗಿ ಹೊಲಿ,” ಅಂದ ಅಜ್ಜಿ, ನನಗೆಂದು ತೆಗೆದಿಟ್ಟಿದ್ದ ಹೊಸ ಅಂಗಿಬಟ್ಟೆಯನ್ನು ಪೆಟ್ಟಿಗೆಯಿಂದ ತಂದು ಅವ್ವನ ತೊಡೆಯ ಮೇಲಿಟ್ಟಳು.

ಅವ್ವ ಅದನ್ನು ಸವರಿದಳು.

“ನಂಗೆ ಕಾಲರ್ ಒಂದೇ ಬರೋದು ಅತ್ತೆ. ತೋಳು ಇನ್ನೊಬ್ರು, ಗುಂಡಿ ಇನ್ನೊಬ್ರು ಹಾಕೋರು. ಇಷ್ಟು ವರ್ಷದಾಗೆ ಒಂದು ಪೂರ್ತಿ ಅಂಗಿ ನಾನು ಹೊಲ್ದಿಲ್ಲ.”

ಅಜ್ಜಿ ಬಟ್ಟೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು. ಅವ್ವನ ಬೆರಳುಗಳು ಮಾತ್ರ ಸೆರಗಿನ ಅಂಚನ್ನು ಕಾಲರಿನಂತೆ ಮಡಚುತ್ತಲೇ ಇದ್ದವು.